ಮಣ್ಣಲ್ಲಿ ಸಿಕ್ಕ ಸ್ಪ್ಯಾನಿಷ್ ಬೆಳ್ಳಿ: ಮೂಲ ಪತ್ತೆ ಹಚ್ಚಲು 14 ಸೂತ್ರಗಳು

ಮಣ್ಣು ಮೆತ್ತಿದ ಒಂದು ಹಳೆಯ ಸ್ಪ್ಯಾನಿಷ್ ಬೆಳ್ಳಿ ನಾಣ್ಯ ನಿಮ್ಮ ಮೇಜಿನ ಮೇಲಿದೆ ಎಂದುಕೊಳ್ಳಿ. ಅದು ಎಲ್ಲಿಂದ ಬಂತು ಎಂದು ಹೇಳುವ ಹೊಣೆ ನಿಮ್ಮದು. ಆಗುತ್ತದೆಯೇ? ಖಂಡಿತ ಆಗುತ್ತದೆ. ಸ್ಪೇನಿನ ಆಡಳಿತ ತನ್ನ ಬೆಳ್ಳಿಯ ಮೇಲೆಯೇ ಲೆಕ್ಕ ಬರೆದಿಟ್ಟಿದೆ. ರಾಜ ಯಾರು, ಟಂಕಸಾಲೆ ಯಾವುದು, ಮೌಲ್ಯ ಎಷ್ಟು, ಬೆಳ್ಳಿಯನ್ನು ಪರೀಕ್ಷಿಸಿದವನು ಯಾರು, ಇಸವಿ ಯಾವುದು ಎಲ್ಲವೂ ಅಂಗೈಯಗಲದ ಜಾಗದಲ್ಲಿ ಅಚ್ಚಾಗಿರುತ್ತದೆ.

1535ರಲ್ಲಿ ಮೆಕ್ಸಿಕೊ ನಗರದಲ್ಲಿ ಟಂಕಸಾಲೆ ತೆರೆಯಲು ರಾಜಾಜ್ಞೆ ಹೊರಟಿತು. ಅಲ್ಲಿಂದ ಮುಂದೆ ಸುಮಾರು ಮುನ್ನೂರು ವರ್ಷ ಅಮೆರಿಕ ಖಂಡಗಳ ಬೆಳ್ಳಿ ನಾಣ್ಯವಾಗಿ ಯುರೋಪ್, ಚೀನಾ, ಭಾರತ, ಆಸ್ಟ್ರೇಲಿಯಾ ಸುತ್ತಿತು. ಅದರಲ್ಲಿ ಪ್ರಮುಖವಾದದ್ದು 8 ರಿಯಾಲ್ ನಾಣ್ಯ. ಇಂಗ್ಲಿಷರ ಬಾಯಲ್ಲಿ ಇದೇ 'ಸ್ಪ್ಯಾನಿಷ್ ಡಾಲರ್'.

ನೀವು ಇತಿಹಾಸದ ವಿದ್ಯಾರ್ಥಿಯಾಗಿರಬಹುದು, ಮ್ಯೂಸಿಯಂಗೆ ಹೊಸದಾಗಿ ಸೇರಿದ ಉದ್ಯೋಗಿಯಾಗಿರಬಹುದು, ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಭಾನುವಾರ ಮೆಟಲ್ ಡಿಟೆಕ್ಟರ್ ಹಿಡಿದು ಹೊರಡುವ ಎಂಜಿನಿಯರ್ ಆಗಿರಬಹುದು. ಈ ಸೂತ್ರಗಳನ್ನು ಕ್ರಮ ತಪ್ಪದೆ ಪಾಲಿಸಿ. ಫಲಿತಾಂಶ ಸಿಕ್ಕೇ ಸಿಗುತ್ತದೆ.

1. ಒಂದು ಪ್ರಶ್ನೆಯನ್ನು ನಾಲ್ಕಾಗಿ ಒಡೆಯಿರಿ

'ಇದರ ಮೂಲ ಯಾವುದು?' ಎಂದು ಕೇಳಬೇಡಿ. ಹೀಗೆ ಕೇಳಿ: ಬೆಳ್ಳಿ ಯಾವ ಗಣಿಯದು? ನಾಣ್ಯ ಅಚ್ಚಾದದ್ದು ಎಲ್ಲಿ? ಇಲ್ಲಿಗೆ ಬಂದ ದಾರಿ ಯಾವುದು? ಮಣ್ಣು ಸೇರಿದ್ದು ಯಾವಾಗ, ಯಾರ ಕೈಯಿಂದ? ನಾಲ್ಕು ಪ್ರಶ್ನೆಗಳಿಗೆ ನಾಲ್ಕು ಬೇರೆ ಬೇರೆ ಪುರಾವೆ ಬೇಕು. ಒಂದರ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಿದವರೇ ದಾರಿ ತಪ್ಪುವುದು. ನೋಟ್‌ಬುಕ್ಕಿನ ಒಂದು ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ. ಸಿಕ್ಕ ಪ್ರತಿ ಸುಳಿವನ್ನೂ ಅದರದೇ ಕಾಲಂಗೆ ಹಾಕಿ. ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

2. ತೊಳೆಯಬೇಡಿ, ಉಜ್ಜಬೇಡಿ

ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಯಾವುದೂ ಹತ್ತಿರ ಬರಬಾರದು. ಒರೆಗಲ್ಲಿಗೂ ಹಚ್ಚಬೇಡಿ. ಮಣ್ಣಿನಲ್ಲಿ ಬೆಳ್ಳಿಯ ಮೇಲೆ ಕಪ್ಪು ಸಲ್ಫೈಡ್, ಬೂದು ಕ್ಲೋರೈಡ್ ಪದರ ಕೂರುತ್ತದೆ. ಬೆರಕೆಯ ತಾಮ್ರ ಹಸಿರಾಗಿ ಹೊರಬರುತ್ತದೆ. ಆ ಪದರದೊಳಗೆ ಅಕ್ಷರಗಳು ಉಳಿದಿರುತ್ತವೆ. ಉಜ್ಜಿದರೆ ಪದರದ ಜೊತೆ ಅಕ್ಷರವೂ ಹೋಗುತ್ತದೆ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಆಮ್ಲವಿಲ್ಲದ ಕಾಗದದ ಲಕೋಟೆಯಲ್ಲಿಡಿ, ಸ್ವಚ್ಛಗೊಳಿಸುವ ಕೆಲಸವನ್ನು ತರಬೇತಿ ಪಡೆದ ಸಂರಕ್ಷಕರಿಗೆ ಬಿಡಿ. ಇಲ್ಲಿ ತಾಳ್ಮೆಯೇ ನಿಮ್ಮ ಮೊದಲ ಕೌಶಲ.

3. ಸಿಕ್ಕ ಜಾಗವನ್ನು ಮೊದಲು ದಾಖಲಿಸಿ

ಅಗೆಯುವುದನ್ನು ನಿಲ್ಲಿಸಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಜಿಪಿಎಸ್ ಬರೆದುಕೊಳ್ಳಿ. ಆಳ ಎಷ್ಟು, ಮಣ್ಣಿನ ಬಣ್ಣ ಯಾವುದು, ಪಕ್ಕದಲ್ಲಿ ಮಡಕೆ ಚೂರು, ಮೊಳೆ, ಇದ್ದಿಲು, ಚರ್ಮದ ತುಂಡು ಇದೆಯೇ ನೋಡಿ. ನಾಣ್ಯ ಅಚ್ಚಾದ ಜಾಗವನ್ನು ನಾಣ್ಯವೇ ಹೇಳುತ್ತದೆ. ಅದು ಮಣ್ಣು ಸೇರಿದ್ದು ಹೇಗೆಂದು ಹೇಳುವುದು ಮುಖ್ಯವಾಗಿ ಸುತ್ತಲಿನ ಮಣ್ಣು. ಉತ್ತ ಹೊಲದ ಮೇಲ್ಪದರದಲ್ಲಿ ಸಿಕ್ಕ ಒಂಟಿ ನಾಣ್ಯ ಜೇಬಿನಿಂದ ಜಾರಿರಬಹುದು. ಮಡಕೆಯೊಳಗೆ ಒತ್ತಾಗಿ ಕೂತ ಇಪ್ಪತ್ತು ನಾಣ್ಯಗಳನ್ನು ಯಾರೋ ಯೋಚಿಸಿ ಹೂತಿದ್ದಾರೆ. ಈ ವ್ಯತ್ಯಾಸ ಒಮ್ಮೆ ಅಳಿಸಿದರೆ ಯಾವ ಲ್ಯಾಬೂ ಮರಳಿ ಕೊಡಲಾರದು.

4. ಕಾನೂನಿಗೆ ಮೊದಲ ಫೋನ್ ಮಾಡಿ

ಭಾರತದಲ್ಲಿ 1878ರ ನಿಧಿ ಕಾಯ್ದೆಯಿದೆ. ಮಣ್ಣಲ್ಲಿ ಅಡಗಿದ್ದ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರ್‌ಗೆ ಲಿಖಿತವಾಗಿ ತಿಳಿಸಲೇಬೇಕು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆಯಿದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಇಂಗ್ಲೆಂಡಿನಲ್ಲಿ 1996ರ ಟ್ರೆಷರ್ ಆ್ಯಕ್ಟ್ ಜಾರಿಯಲ್ಲಿದೆ. 300 ವರ್ಷಕ್ಕಿಂತ ಹಳೆಯ ಎರಡು ಬೆಳ್ಳಿ ನಾಣ್ಯ ಒಟ್ಟಿಗೆ ಸಿಕ್ಕರೂ 14 ದಿನದೊಳಗೆ ವರದಿ ಮಾಡಬೇಕು. ಅಮೆರಿಕದ ಫೆಡರಲ್ ಭೂಮಿಯಲ್ಲಿ ನೂರು ವರ್ಷ ಹಳೆಯ ಪುರಾತತ್ವ ವಸ್ತುಗಳನ್ನು ಅನುಮತಿಯಿಲ್ಲದೆ ಅಗೆಯುವುದು 1979ರ ಕಾನೂನಿನಂತೆ ಅಪರಾಧ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2007ರಲ್ಲಿ ಒಂದು ಅಮೆರಿಕನ್ ಕಂಪನಿ ಅಟ್ಲಾಂಟಿಕ್ ತಳದಿಂದ ಐದೂವರೆ ಲಕ್ಷಕ್ಕೂ ಹೆಚ್ಚು ನಾಣ್ಯಗಳನ್ನು ಮೇಲೆತ್ತಿತು. 1804ರಲ್ಲಿ ಮುಳುಗಿದ ಸ್ಪೇನಿನ ಯುದ್ಧನೌಕೆ 'ಮರ್ಸೆಡಿಸ್'ನದು ಎಂದು ಕೋರ್ಟಿನಲ್ಲಿ ಸಾಬೀತಾಯಿತು. 2012ರಲ್ಲಿ ಇಡೀ ರಾಶಿ ಸ್ಪೇನಿಗೆ ಮರಳಿತು. ಮೂಲ ಪತ್ತೆಯಾದರೆ ಒಡೆತನವೇ ಬದಲಾಗಬಹುದು. ನಿಮ್ಮ ಕೆಲಸದ ತೂಕ ಅಷ್ಟಿದೆ.

5. ತೂಗಿ, ಅಳೆಯಿರಿ, ಬರೆಯಿರಿ

0.01 ಗ್ರಾಂವರೆಗೆ ತೋರಿಸುವ ತಕ್ಕಡಿ, ಒಂದು ವರ್ನಿಯರ್ ಕ್ಯಾಲಿಪರ್ ಸಾಕು. 1728ರ ನಂತರದ 8 ರಿಯಾಲ್ ನಾಣ್ಯದ ನಿಗದಿತ ತೂಕ 27.07 ಗ್ರಾಂ. ಅದಕ್ಕೂ ಹಿಂದಿನದು ಸುಮಾರು 27.5 ಗ್ರಾಂ. 4 ರಿಯಾಲ್ ಸುಮಾರು 13.5, 2 ರಿಯಾಲ್ 6.8, 1 ರಿಯಾಲ್ 3.4 ಗ್ರಾಂ. ಯಂತ್ರದ 8 ರಿಯಾಲ್‌ನ ಅಗಲ 38ರಿಂದ 40 ಮಿಲಿಮೀಟರ್. ಅಕ್ಷರ ಸವೆದುಹೋಗಿದ್ದರೂ ತೂಕ ಮೌಲ್ಯವನ್ನು ಹೇಳುತ್ತದೆ. ಚಲಾವಣೆ, ತುಕ್ಕು, ಅಂಚು ಕತ್ತರಿಸುವ ಕಳ್ಳತನ ಮೂರೂ ತೂಕ ತಗ್ಗಿಸುತ್ತವೆ. ಹಾಗಾಗಿ ಸ್ವಲ್ಪ ಕಡಿಮೆ ಬಂದರೆ ಗಾಬರಿ ಬೇಡ, ಕಾರಣ ಹುಡುಕಿ. ಹೆಚ್ಚು ಬಂದರೆ ಎಚ್ಚರಾಗಿ.

6. ಕೈ ಅಚ್ಚೋ, ಯಂತ್ರದ ಅಚ್ಚೋ ನಿರ್ಧರಿಸಿ

ಅಂಚು ವಕ್ರವಾಗಿ, ಚಿತ್ರ ಅರ್ಧ ಮಾತ್ರ ಮೂಡಿದ್ದರೆ ಅದು 'ಕಾಬ್'. ಬೆಳ್ಳಿ ಪಟ್ಟಿಯಿಂದ ತುಂಡು ಕತ್ತರಿಸಿ, ತೂಕಕ್ಕೆ ಸರಿಯಾಗಿ ಅಂಚು ಸವರಿ, ಸುತ್ತಿಗೆಯಿಂದ ಹೊಡೆದ ನಾಣ್ಯ. ದುಂಡಗೆ, ಅಂಚಿನಲ್ಲೂ ಚಿತ್ತಾರವಿದ್ದರೆ ಯಂತ್ರದ ಕೆಲಸ. ಮೆಕ್ಸಿಕೊದಲ್ಲಿ ಯಂತ್ರದ 8 ರಿಯಾಲ್ ಶುರುವಾದದ್ದು 1732ರಲ್ಲಿ. ಇಂದಿನ ಬೊಲಿವಿಯಾದ ಪೊಟೊಸಿಯಲ್ಲಿ ಮಾತ್ರ ಕಾಬ್ ತಯಾರಿ 1773ರವರೆಗೂ ನಡೆಯಿತು. ಒಂದು ಅಕ್ಷರವನ್ನೂ ಓದದೆ ಶತಮಾನವನ್ನು ಅಂದಾಜಿಸಲು ಈ ಒಂದು ನೋಟ ಸಾಕು.

7. ರಾಜನನ್ನೂ ಚಿತ್ರವನ್ನೂ ಒಟ್ಟಿಗೆ ಓದಿ

ಎರಡು ಕಂಬಗಳ ನಡುವೆ ಎರಡು ಭೂಗೋಳ, ಕೆಳಗೆ ಅಲೆಗಳಿದ್ದರೆ ಅದು 1732ರಿಂದ 1772ರವರೆಗಿನ ಕಂಬದ ಡಾಲರ್. ರಾಜನ ಮುಖವಿದ್ದರೆ 1772ರಿಂದ ಈಚಿನದು. ಹೆಸರಿನ ಪಕ್ಕದ ರೋಮನ್ ಅಂಕಿ ನೋಡಿ. ಐದನೇ ಫಿಲಿಪ್, ಆರನೇ ಫರ್ಡಿನಾಂಡ್, ಮೂರನೇ ಚಾರ್ಲ್ಸ್, ನಾಲ್ಕನೇ ಚಾರ್ಲ್ಸ್, ಏಳನೇ ಫರ್ಡಿನಾಂಡ್ ಈ ಸಾಲನ್ನು ಬಾಯಿಪಾಠ ಮಾಡಿ.

ಹೆಸರಿಗೂ ಮುಖಕ್ಕೂ ತಾಳೆಯಾಗದಿದ್ದರೆ 'ನಕಲಿ' ಎಂದು ತಕ್ಷಣ ತೀರ್ಪು ಕೊಡಬೇಡಿ. ಮೂರನೇ ಚಾರ್ಲ್ಸ್ 1788ರ ಡಿಸೆಂಬರಿನಲ್ಲಿ ತೀರಿಕೊಂಡ. ಹೊಸ ರಾಜನಾದ ಮಗ ನಾಲ್ಕನೇ ಚಾರ್ಲ್ಸ್‌ನ ಮುಖದ ಅಚ್ಚು ಮೆಕ್ಸಿಕೊದಲ್ಲಿ ಬಳಕೆಗೆ ಬರುವವರೆಗೆ, 1789 ಮತ್ತು 1790ರಲ್ಲಿ, ಮಗನ ಹೆಸರಿನ ಜೊತೆ ಅಪ್ಪನ ಮುಖವೇ ಅಚ್ಚಾಯಿತು. ಇಂಥ ವಿಚಿತ್ರಗಳು ಅಸಲಿತನಕ್ಕೆ ಬಲ ಕೊಡುತ್ತವೆ.

8. ಟಂಕಸಾಲೆಯ ಗುರುತನ್ನು ಹಿಡಿಯಿರಿ

ಇದು ನಿಮ್ಮ ಎರಡನೇ ಕಾಲಂನ ನೇರ ಉತ್ತರ. 'ಎಂ' ಅಕ್ಷರದ ಮೇಲೆ ಪುಟ್ಟ 'ಒ' ಇದ್ದರೆ ಮೆಕ್ಸಿಕೊ ನಗರ. ಕಾಬ್ ಮೇಲೆ 'ಪಿ' ಇದ್ದರೆ ಹೆಚ್ಚಾಗಿ ಪೊಟೊಸಿ. 1767ರ ನಂತರದ ಪೊಟೊಸಿ ಯಂತ್ರ ನಾಣ್ಯದಲ್ಲಿ 'ಪಿ ಟಿ ಎಸ್' ಮೂರೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಲಿಮಾ ನಗರದ ಅಕ್ಷರಗಳೂ ಹಾಗೇ ಹೆಣೆದಿರುತ್ತವೆ. ಗ್ವಾಟೆಮಾಲಾ 'ಜಿ' ಎಂದಿದ್ದದ್ದು, 1773ರ ಭೂಕಂಪದ ನಂತರ ರಾಜಧಾನಿ ಸ್ಥಳಾಂತರಗೊಂಡಾಗ 'ಎನ್ ಜಿ' ಆಯಿತು. ಸ್ಪೇನಿನ ಸೆಗೊವಿಯಾ ನಗರದ್ದು ಅಕ್ಷರವೇ ಅಲ್ಲ, ಅಲ್ಲಿನ ರೋಮನ್ ಕಾಲುವೆ ಸೇತುವೆಯ ಪುಟ್ಟ ಚಿತ್ರ.

ಟಂಕಸಾಲೆ ಸಿಕ್ಕಿತೆಂದು ಗಣಿಯೂ ಸಿಕ್ಕಿತು ಎಂದು ಬರೆಯಬೇಡಿ. ಪೊಟೊಸಿಯ ಟಂಕಸಾಲೆ 1545ರಲ್ಲಿ ಬೆಳ್ಳಿ ಪತ್ತೆಯಾದ ಸೆರೊ ರಿಕೊ ಬೆಟ್ಟದ ಬುಡದಲ್ಲೇ ಇತ್ತು. ಮೆಕ್ಸಿಕೊ ನಗರಕ್ಕಾದರೋ ಜಕಾಟೆಕಸ್, ಗ್ವಾನಾಹ್ವಾಟೊ, ಪಚೂಕಾ ಹೀಗೆ ಹಲವು ಗಣಿಗಳಿಂದ ಬೆಳ್ಳಿ ಬರುತ್ತಿತ್ತು.

9. ಪರೀಕ್ಷಕನ ಇನಿಷಿಯಲ್ ಬಿಡಬೇಡಿ

ಟಂಕಸಾಲೆಯ ಗುರುತಿನ ಹತ್ತಿರ ಒಂದೋ ಎರಡೋ ಅಕ್ಷರ ಇರುತ್ತದೆ. ಬೆಳ್ಳಿಯ ಶುದ್ಧತೆಗೆ ಹೊಣೆ ಹೊತ್ತ ಅಧಿಕಾರಿಯ ಸಹಿ ಅದು. ಯಾರು ಯಾವ ವರ್ಷದಿಂದ ಯಾವ ವರ್ಷದವರೆಗೆ ಆ ಹುದ್ದೆಯಲ್ಲಿದ್ದರೆಂಬ ಪಟ್ಟಿ ನಾಣ್ಯಗಳ ಕ್ಯಾಟಲಾಗ್‌ಗಳಲ್ಲಿದೆ. ಮೆಕ್ಸಿಕೊದ 1783ರ ನಾಣ್ಯದಲ್ಲಿ 'ಎಫ್ ಎಫ್' ಇರುತ್ತದೆ, ಅದೇ ದಶಕದ ಕೊನೆಯಲ್ಲಿ 'ಎಫ್ ಎಂ'. ಇಸವಿ ಅಳಿಸಿಹೋದ ಕಾಬ್‌ಗೆ ಕಾಲ ನಿಗದಿ ಮಾಡಲು ಇದೇ ದಾರಿ.

ಶುದ್ಧತೆಯ ಈ ಹೊಣೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಪೊಟೊಸಿಯ ಕಥೆ ಓದಿ. 1640ರ ದಶಕದಲ್ಲಿ ಅಲ್ಲಿನ ಟಂಕಸಾಲೆ ಬೆಳ್ಳಿಗೆ ಅತಿಯಾಗಿ ತಾಮ್ರ ಬೆರೆಸಿತು. ಆ ನಾಣ್ಯ ಹೋದಲ್ಲೆಲ್ಲ ವರ್ತಕರು ಅದನ್ನು ನಿರಾಕರಿಸತೊಡಗಿದರು. ರಾಜ ನಾಲ್ಕನೇ ಫಿಲಿಪ್ ಕಳಿಸಿದ ತನಿಖಾಧಿಕಾರಿ ಫ್ರಾನ್ಸಿಸ್ಕೊ ದೆ ನೆಸ್ತಾರೆಸ್ ಮರೀನ್ ವಂಚನೆಯನ್ನು ಬಯಲು ಮಾಡಿದ. ಬೆಳ್ಳಿ ವ್ಯಾಪಾರಿ ಫ್ರಾನ್ಸಿಸ್ಕೊ ಗೋಮೆಸ್ ದೆ ಲಾ ರೋಚಾನಿಗೆ 1650ರಲ್ಲಿ ಮರಣದಂಡನೆಯಾಯಿತು. ಹಳೆಯ ನಾಣ್ಯಗಳ ಮೇಲೆ ಕಿರೀಟದ ಮುದ್ರೆ ಒತ್ತಿ ಬೆಲೆ ಇಳಿಸಲಾಯಿತು. 1652ರಲ್ಲಿ ಕಂಬ ಮತ್ತು ಅಲೆಗಳ ಹೊಸ ವಿನ್ಯಾಸ ಬಂತು. ನಿಮ್ಮ ಪೊಟೊಸಿ ಕಾಬ್ ಮೇಲೆ ಪುಟ್ಟ ಕಿರೀಟ ಕಂಡರೆ, ನೀವು ಹಿಡಿದಿರುವುದು ಆ ಹಗರಣದ ಸಾಕ್ಷಿ.

10. ಗಾಯಗಳನ್ನು ದಾರಿಯ ನಕ್ಷೆಯಂತೆ ಓದಿ

ಅಚ್ಚಿನ ನಂತರ ಬಿದ್ದ ಪ್ರತಿ ಗುರುತೂ ಮೂರನೇ ಕಾಲಂಗೆ ಸೇರುತ್ತದೆ. ಪುಟ್ಟ ಚೀನಿ ಅಕ್ಷರಗಳ ಒತ್ತು ಇದ್ದರೆ ಚೀನಾದ ವರ್ತಕರು ಬೆಳ್ಳಿಯನ್ನು ಪರೀಕ್ಷಿಸಿ ಒಪ್ಪಿದ್ದಾರೆ. 1565ರಿಂದ 1815ರವರೆಗೆ ಮೆಕ್ಸಿಕೊದ ಅಕಾಪುಲ್ಕೊ ಮತ್ತು ಮನಿಲಾ ನಡುವೆ ಓಡಾಡಿದ ಗ್ಯಾಲಿಯನ್ ಹಡಗುಗಳು ಆ ಬೆಳ್ಳಿಯ ಒಂದು ಮುಖ್ಯ ದಾರಿ. ಸ್ಪೇನಿನ ರಾಜನ ಮುಖದ ಮೇಲೆ ಬ್ರಿಟನ್ನಿನ ರಾಜ ಮೂರನೇ ಜಾರ್ಜ್‌ನ ಪುಟ್ಟ ತಲೆ ಅಂಡಾಕಾರದಲ್ಲಿ ಒತ್ತಿದ್ದರೆ, 1797ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಅದನ್ನು ಚಲಾವಣೆಗೆ ಬಿಡಲು ಶುರುಮಾಡಿದ ಬಗೆಯದು. ಕತ್ತರಿಸಿದ ಕಾಲು ಭಾಗ ಸಿಕ್ಕರೆ, ಅದು ಚಿಲ್ಲರೆಯಾಗಿ ಬಳಕೆಯಾಗಿದೆ.

ನಡುವೆ ದುಂಡನೆಯ ತೂತು, ಸುತ್ತ ನ್ಯೂ ಸೌತ್ ವೇಲ್ಸ್ 1813 ಎಂದಿದ್ದರೆ ಅದು ಆಸ್ಟ್ರೇಲಿಯಾದ ಹೋಲಿ ಡಾಲರ್. ಇದರ ದಾರಿ ಭಾರತದಿಂದಲೇ ಹೊರಟಿದೆ. ಈಸ್ಟ್ ಇಂಡಿಯಾ ಕಂಪನಿ ಮದರಾಸಿನಿಂದ ಕಳಿಸಿದ 40,000 ಸ್ಪ್ಯಾನಿಷ್ ಡಾಲರ್ 1812ರಲ್ಲಿ ಸಿಡ್ನಿ ತಲುಪಿತು. ನಾಣ್ಯ ವಸಾಹತಿನಿಂದ ಹೊರಗೆ ಹೋಗದಂತೆ ಗವರ್ನರ್ ಮಕ್ವಾರಿ ಅದಕ್ಕೆ ತೂತು ಹೊಡೆಸಿದರು.

ಹಾಗಾದರೆ ಭಾರತಕ್ಕೆ ಬಂದ ಉಳಿದ ಬೆಳ್ಳಿ? ಮೊಘಲರ ಕಾಲದಲ್ಲಿ ಸೂರತ್‌ನಂಥ ಟಂಕಸಾಲೆಗಳಲ್ಲಿ ಹೊರದೇಶದ ನಾಣ್ಯ ಕರಗಿ ರೂಪಾಯಿಯಾಗುತ್ತಿತ್ತು. ನಾಣ್ಯ ಸಿಗದ ಕಡೆಯೂ ಬೆಳ್ಳಿ ಹರಿದಿದೆ ಎಂಬುದನ್ನು ನೆನಪಿಡಿ.

11. ಇಸವಿಗೂ ಹೂತ ದಿನಕ್ಕೂ ಗಂಟು ಹಾಕಬೇಡಿ

ಅಮೆರಿಕದಲ್ಲಿ ಸ್ಪ್ಯಾನಿಷ್ ಡಾಲರ್ 1857ರವರೆಗೆ ಕಾನೂನುಬದ್ಧ ಹಣವಾಗಿತ್ತು. 1781 ಎಂದು ಬರೆದ ನಾಣ್ಯ ವರ್ಜೀನಿಯಾದ ರೈತನ ಜೇಬಿನಿಂದ 1850ರಲ್ಲಿ ಬಿದ್ದಿರಬಹುದು. ಸವೆತ ನೋಡಿ. ಚೂಪಾಗಿ ಉಳಿದ ನಾಣ್ಯ ಬೇಗ ಮಣ್ಣು ಸೇರಿದೆ, ನುಣುಪಾದ ನಾಣ್ಯ ಬಹಳ ಕೈ ದಾಟಿದೆ. 'ಕಡಲ್ಗಳ್ಳರು ಹೂತಿಟ್ಟದ್ದು' ಎಂಬ ಕಥೆಯಿಂದ ಶುರು ಮಾಡಬೇಡಿ. ಪುರಾವೆ ಅಲ್ಲಿಗೆ ಕರೆದೊಯ್ದರೆ ಮಾತ್ರ ಹೋಗಿ.

ರಾಶಿ ಸಿಕ್ಕರೆ ಒಂದು ಬಲವಾದ ನಿಯಮ ನಿಮ್ಮ ಕೈಯಲ್ಲಿದೆ. ರಾಶಿಯಲ್ಲಿ ಅತಿ ಹೊಸ ನಾಣ್ಯ ಅಚ್ಚಾಗುವ ಮುಂಚೆ ಆ ರಾಶಿಯನ್ನು ಹೂತಿರಲು ಸಾಧ್ಯವಿಲ್ಲ. ಆದ್ದರಿಂದ ಪ್ರತಿ ನಾಣ್ಯವನ್ನೂ ಪಟ್ಟಿ ಮಾಡಿ. 1840ರಲ್ಲಿ ಅಮೆರಿಕದ ಮೇನ್ ರಾಜ್ಯದ ಕ್ಯಾಸ್ಟೀನ್ ಬಳಿ, ಬಗಡೂಸ್ ನದಿಯ ದಂಡೆಯಲ್ಲಿ ಒಬ್ಬ ತಂದೆ ಮತ್ತು ಮಗನಿಗೆ ಇಂಥ ರಾಶಿ ಸಿಕ್ಕಿತು. ಸ್ಪ್ಯಾನಿಷ್ ಅಮೆರಿಕದ ಕಾಬ್‌ಗಳ ಜೊತೆ ಫ್ರೆಂಚ್ ಬೆಳ್ಳಿಯೂ ಮ್ಯಾಸಚೂಸೆಟ್ಸ್‌ನ ಪೈನ್ ಟ್ರೀ ಶಿಲ್ಲಿಂಗ್‌ಗಳೂ ಇದ್ದವು. ಈ ಬೆರಕೆಯೇ ದೊಡ್ಡ ಸುಳಿವು. ಫ್ರೆಂಚರೂ ಇಂಗ್ಲಿಷರೂ ಇಬ್ಬರೂ ವ್ಯಾಪಾರ ಮಾಡುತ್ತಿದ್ದ ಗಡಿನಾಡಿನ ಪೆಟ್ಟಿಗೆ ಅದು. ಇತಿಹಾಸಕಾರರು ಅದನ್ನು ಅಲ್ಲಿ ನೆಲೆಸಿದ್ದ ಫ್ರೆಂಚ್ ಬ್ಯಾರನ್ ಸೇಂಟ್ ಕ್ಯಾಸ್ಟಿನ್ ಕುಟುಂಬದ ಜೊತೆ ಜೋಡಿಸಿದ್ದಾರೆ. ಅಲ್ಲೂ ಒಂದು ಎಚ್ಚರಿಕೆಯಿದೆ. ಪೈನ್ ಟ್ರೀ ಶಿಲ್ಲಿಂಗ್ ಮೇಲೆ 1652 ಎಂದೇ ಇರುತ್ತದೆ, ಆದರೆ ಅದೇ ಇಸವಿ ಹೊತ್ತು ದಶಕಗಳ ನಂತರವೂ ಅಚ್ಚಾಗುತ್ತಿತ್ತು. ನಾಣ್ಯದ ಅಂಕಿಯನ್ನು ನಂಬುವ ಮುನ್ನ ಟಂಕಸಾಲೆಯ ರೂಢಿ ತಿಳಿಯಿರಿ.

12. ಅಂಚನ್ನು ತಿರುಗಿಸಿ, ನಕಲಿಯನ್ನು ಹಿಡಿಯಿರಿ

ಎಲ್ಲರೂ ಮುಖ ನೋಡುತ್ತಾರೆ. ನೀವು ಅಂಚು ನೋಡಿ. ಕಂಬದ ಡಾಲರ್ ಅಂಚಿನಲ್ಲಿ ಎಲೆಗಳ ಸಾಲು ಇರುತ್ತದೆ. 1772ರ ನಂತರದ ಮುಖದ ಡಾಲರ್‌ನಲ್ಲಿ ವೃತ್ತ, ಆಯತ, ವೃತ್ತ, ಆಯತ ಹೀಗೆ ಸಾಲು. ಅಂಚಿನ ಚಿತ್ತಾರವನ್ನು ಎರಡು ಪಟ್ಟಿಗಳ ನಡುವೆ ನಾಣ್ಯ ಉರುಳಿಸಿ ಒತ್ತುತ್ತಿದ್ದರು. ಆದ್ದರಿಂದ ಎದುರುಬದುರು ಎರಡು ಕಡೆ ಚಿತ್ತಾರ ಒಂದರ ಮೇಲೊಂದು ಬರುವುದು ಸಹಜ. ಅಂಚಿನ ನಡುವೆ ಸುತ್ತಲೂ ಬೆಸುಗೆಯಂಥ ಗೆರೆ ಕಂಡರೆ ಎರಕದ ನಕಲಿ.

ನಕಲಿ ಎಂದು ಗೊತ್ತಾದರೂ ಎಸೆಯಬೇಡಿ. ನ್ಯೂ ಆರ್ಲಿಯನ್ಸ್ ಟಂಕಸಾಲೆಯ ಜಾನ್ ರಿಡೆಲ್ 1845ರಲ್ಲೇ ಅಸಲಿ ಮತ್ತು ಖೋಟಾ ಡಾಲರ್‌ಗಳ ಮೇಲೆ ಇಡೀ ಪುಸ್ತಕ ಪ್ರಕಟಿಸಿದರು. ಹಳೆಯ ಖೋಟಾ ನಾಣ್ಯವೂ ಆ ಕಾಲದ ಸಂತೆಯಲ್ಲಿ ಓಡಾಡಿದ ವಸ್ತುವೇ. ಅದಕ್ಕೂ ವರದಿಯಲ್ಲಿ ಸ್ಥಾನವಿದೆ.

13. ಲ್ಯಾಬನ್ನು ಬಳಸಿ, ಅದರ ಮಿತಿಯನ್ನೂ ಕಲಿಯಿರಿ

ಎಕ್ಸ್‌ಆರ್‌ಎಫ್ ಯಂತ್ರ ನಾಣ್ಯಕ್ಕೆ ಗಾಯ ಮಾಡದೆ ಲೋಹದ ಪ್ರಮಾಣ ಹೇಳುತ್ತದೆ. ಹೋಲಿಸಲು ಅಂಕಿಗಳು ಇಲ್ಲಿವೆ. 1728ಕ್ಕೆ ಮುಂಚೆ ಬೆಳ್ಳಿ ಶೇ. 93.1. ನಂತರ 91.7. ರಹಸ್ಯ ಆದೇಶಗಳ ಮೂಲಕ 1772ರಲ್ಲಿ 90.3, 1786ರಲ್ಲಿ 89.6. ಆದರೆ ಮಣ್ಣಿನಲ್ಲಿ ಮೇಲ್ಮೈಯ ತಾಮ್ರ ಕರಗಿಹೋಗುತ್ತದೆ. ಯಂತ್ರ ನೋಡುವುದು ಆ ಮೇಲ್ಮೈಯನ್ನೇ. ಹೀಗಾಗಿ ಬೆಳ್ಳಿ ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ. ಒಂದೇ ರೀಡಿಂಗ್ ಮೇಲೆ ತೀರ್ಮಾನ ಕಟ್ಟಬೇಡಿ.

ಮೊದಲ ಕಾಲಂಗೆ, ಅಂದರೆ ಗಣಿಯ ಪ್ರಶ್ನೆಗೆ, ಐಸೋಟೋಪ್ ವಿಶ್ಲೇಷಣೆ ಬೇಕು. 2011ರಲ್ಲಿ ಫ್ರಾನ್ಸಿನ ಲಿಯೋನ್‌ನ ವಿಜ್ಞಾನಿಗಳು ಬೆಳ್ಳಿ, ತಾಮ್ರ, ಸೀಸ ಮೂರರ ಐಸೋಟೋಪ್ ಅಳೆದು ಮೆಕ್ಸಿಕೊದ ಬೆಳ್ಳಿಯನ್ನು ಪೊಟೊಸಿಯ ಬೆಳ್ಳಿಯಿಂದ ಬೇರ್ಪಡಿಸಿ ತೋರಿಸಿದರು. ನೀವು ಕೆಮಿಸ್ಟ್ರಿ ಅಥವಾ ಜಿಯಾಲಜಿ ವಿದ್ಯಾರ್ಥಿಯಾಗಿದ್ದರೆ ಈ ಬಾಗಿಲು ನಿಮಗಾಗಿಯೇ ತೆರೆದಿದೆ. ಇತಿಹಾಸದವರ ಜೊತೆ ಟೀಮ್ ಕಟ್ಟಿ.

14. ಒಂದೇ ಪುಟದ ವರದಿ ಬರೆಯಿರಿ

ನಾಲ್ಕು ಕಾಲಂ, ನಾಲ್ಕು ಉತ್ತರ. ಪ್ರತಿ ಉತ್ತರದ ಮುಂದೆ 'ಖಚಿತ', 'ಸಂಭಾವ್ಯ', 'ಊಹೆ' ಈ ಮೂರರಲ್ಲಿ ಒಂದನ್ನು ಬರೆಯಿರಿ. ಉದಾಹರಣೆಗೆ ಮೊದಲ ಮೂರು ಹೀಗೆ: 'ಅಚ್ಚಾದದ್ದು ಮೆಕ್ಸಿಕೊ ನಗರ, 1783, ಖಚಿತ. ಗಣಿ ಮಧ್ಯ ಮೆಕ್ಸಿಕೊ, ಸಂಭಾವ್ಯ. ಬಂದದ್ದು ಹಡಗಿನ ವ್ಯಾಪಾರದಿಂದ, ಊಹೆ.' ಹೀಗೆ ಬರೆದವರನ್ನು ಪ್ರೊಫೆಸರ್ ನಂಬುತ್ತಾರೆ, ಕ್ಯುರೇಟರ್ ಮತ್ತೆ ಕರೆಯುತ್ತಾರೆ. ಎಲ್ಲವೂ ಖಚಿತ ಎಂದು ಬರೆದವರ ವರದಿ ಮೊದಲ ಪ್ರಶ್ನೆಗೇ ಕುಸಿಯುತ್ತದೆ.

'ನಾನು ಎಕ್ಸ್‌ಪರ್ಟ್ ಅಲ್ಲ, ನನ್ನಿಂದ ಆಗದು' ಎಂಬ ಅನುಮಾನ ಬರೀ ಅಭ್ಯಾಸ. ಅಭ್ಯಾಸದಿಂದಲೇ ಅದನ್ನು ತಿದ್ದಿ. ಅಗೆಯಲು ಹೊಲ ಬೇಕಿಲ್ಲ, ನಾಣ್ಯ ಕೊಳ್ಳಲು ಹಣವೂ ಬೇಕಿಲ್ಲ. ಬ್ರಿಟಿಷ್ ಮ್ಯೂಸಿಯಂ ಮತ್ತು ಅಮೆರಿಕನ್ ನ್ಯೂಮಿಸ್‌ಮ್ಯಾಟಿಕ್ ಸೊಸೈಟಿ ತಮ್ಮ ಸಂಗ್ರಹದ ಫೋಟೊಗಳನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿವೆ. ಇವತ್ತೇ ಒಂದು 8 ರಿಯಾಲ್ ತೆರೆಯಿರಿ. ವಿವರಣೆಯನ್ನು ಕೈಯಿಂದ ಮುಚ್ಚಿ. ರಾಜ, ಟಂಕಸಾಲೆ, ಪರೀಕ್ಷಕ, ಇಸವಿ ನೀವೇ ಓದಿ, ಆಮೇಲೆ ತಾಳೆ ನೋಡಿ. ದಿನಕ್ಕೊಂದರಂತೆ ಒಂದು ತಿಂಗಳು ಮಾಡಿ. ಅಸಲಿ ನಾಣ್ಯ ನಿಮ್ಮ ಮೇಜಿಗೆ ಬಂದ ದಿನ ನೀವು ತಡವರಿಸುವುದಿಲ್ಲ, ಪೆನ್ನು ತೆಗೆದು ಬರೆಯಲು ಶುರು ಮಾಡುತ್ತೀರಿ.